ಕುಂತಳನಾಡಿನ ಕುರುಳು

1. ನಾಡಿನ ಹೆಸರು

ನಾಡುಗಳಿಗೆ ಹೆಸರು ಬರುವ ಬಗೆ ಹಲವು. ಕೆಲವಕ್ಕೆ ಹೊಳೆಯಿಂದ, ಕೆಲವಕ್ಕೆ ಅರಸುಮನೆತನದಿಂದ, ಮತ್ತೆ ಕೆಲವಕ್ಕೆ ಅಲ್ಲಿ ನೆಲೆಸಿದ ಜನದಿಂದ ಹೆಸರು ಬಂದಿರುತ್ತದೆ. ಆದರೆ ಕೇಳಿದ ಕೂಡಲೆ ಹೆಂಗಳೆಯರ ಮುಡಿಯನ್ನು ನೆನಪಿಗೆ ತರುವ ಹೆಸರು ನಮ್ಮ ನಾಡಿಗೆ ಮಾತ್ರವೇ ಸಂದ ಭಾಗ್ಯವೆನ್ನಬಹುದು. ಕೃಷ್ಣೆ, ಮಲಪ್ರಭೆ, ತುಂಗಭದ್ರೆಗಳು ಹರಿಯುವ ಈ ಪ್ರದೇಶವನ್ನು ಹಿಂದಿನವರು ಕುಂತಳದೇಶವೆಂದು ಕರೆದರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಗಳು ಕುಂತಳೇಶ್ವರರೆನಿಸಿದರು. ಕುಂತಳವೆಂದರೆ ಕೂದಲು, ಕುರುಳು. ದೇಶದ ಹೆಸರು ಮೂಲದಲ್ಲಿ ಈ ಅರ್ಥದಿಂದಲೇ ಹುಟ್ಟಿತೆಂದು ಸಾಧಿಸುವದು ನಮ್ಮ ಉದ್ದೇಶವಲ್ಲ. ಆದರೆ ನಮ್ಮ ಶಾಸನಕವಿಗಳು ಈ ಶ್ಲೇಷೆಯ ಸೊಗಸನ್ನು ಕೈಬಿಡಲಿಲ್ಲ. ಭೂಮಿಯನ್ನು ಸ್ತ್ರೀಯೆಂದು ಭಾವಿಸಿ, ಕುಂತಳದೇಶವು ಆ ಭೂಕಾಂತೆಯ ಕುಂತಳದಂತೆ ಶೋಭಿಸುವದೆಂದು ಅವರು ಬಣ್ಣಿಸಿದರು.

ಇಂಥ ನಾಡಿನ ಹೆಣ್ಣುಮಕ್ಕಳು ಇಂದು ತಮ್ಮ ಗುಂಗುರು ಕೂದಲನ್ನು ಒಂದು ಕೊರತೆಯೆಂದು ಬಗೆದು, ಬ್ಯೂಟಿ ಪಾರ್ಲರುಗಳಲ್ಲಿ ಗಂಟೆಗಟ್ಟಲೆ ಕುಳಿತು, ರಾಸಾಯನಿಕ ಲೇಪ ಮತ್ತು ಕಾದ ಇಸ್ತ್ರಿಗಳಿಂದ ಅದನ್ನು ನೆಟ್ಟಗೆ ಮಾಡಿಸಿಕೊಳ್ಳುತ್ತಿರುವರು. ದೊಡ್ಡ ಪಟ್ಟಣಗಳಲ್ಲಿ ಮೊದಲಾದ ಈ ರೂಢಿಯು ಜಿಲ್ಲೆಯ ಊರುಗಳಿಗೂ ಬಂದಿದೆ. ಇದರೊಡನೆಯೇ ಇನ್ನೊಂದು ಪ್ರವಾಹವೂ ಕಾಣುತ್ತಲಿದೆ. ಹಾಗೆ ನೆಟ್ಟಗೆ ಮಾಡಿಸಿಕೊಂಡವರಲ್ಲಿ ಕೆಲವರು ಲೇಪವನ್ನು ಬಿಟ್ಟು, ತಾಳ್ಮೆಯಿಂದ ಕಾಯ್ದು, ತಮ್ಮ ಹುಟ್ಟುಗೂದಲಿಗೆ ಮರಳುತ್ತಿರುವರು. ಈ ಮರಳುವಿಕೆಯನ್ನು ಹೊರದೇಶದ ಒಂದು ಹೊಸ ಷೋಕಿಯೆಂದು ತಳ್ಳಿಬಿಡುವವರುಂಟು. ಅದು ಸರಿಯಲ್ಲ, ಗುಂಗುರನ್ನು ಕೊರತೆಯೆಂದೆಣಿಸುವದೇ ನಮ್ಮಲ್ಲಿ ಹೊಸದು, ಅದನ್ನು ಚೆಲುವೆಂದೆಣಿಸುವದು ಹಳೆಯದು ಎಂಬದನ್ನು ತೋರಿಸುವದೇ ಈ ಲೇಖನದ ಉದ್ದೇಶ.

2. ಕಲ್ಲಿನ ಸಾಕ್ಷಿ

ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವ ಮಲಪ್ರಭೆಯ ದಂಡೆ ಹಿಡಿದು ಮೇಲಕ್ಕೆ ನಡೆದರೆ ಐಹೊಳೆ, ಪಟ್ಟದಕಲ್ಲುಗಳು ಒಂದರ ಹಿಂದೊಂದು ಬರುತ್ತವೆ. ಹೊಳೆಯಿಂದ ತುಸು ಸರಿದರೆ ಬಾದಾಮಿ. ಒಂದು ಕಾಲದ ಜನರು ಯಾವುದನ್ನು ಚೆಲುವೆಂದು ತಿಳಿದಿದ್ದರೆಂಬದನ್ನು ಅರಿಯಬೇಕಾದರೆ ಆ ಕಾಲದ ಶಿಲ್ಪಕ್ಕಿಂತ ನಂಬತಕ್ಕ ಸಾಕ್ಷಿ ಬೇರೆ ದೊರೆಯದು.

ಬಾದಾಮಿಯ ಮೂರನೆಯ ಗುಹೆಯ ಕಾಲವು ಮಂಗಳೇಶನ ಶಾಸನದಿಂದ ನಿಶ್ಚಿತವಾಗಿದೆ. ಅದು ಶಕ 500, ಅಂದರೆ ಕ್ರಿ. ಶ. 578. ಅಲ್ಲಿಯ ಕಂಬಗಳ ಮೇಲ್ಭಾಗದ ಬೋದಿಗೆಗಳಲ್ಲಿ ಮರದ ನೆರಳಿನಲ್ಲಿ ನಿಂತ ಮಿಥುನಗಳಿವೆ. ಅವರ ಕೇಶಾಲಂಕಾರಗಳು ಒಂದೇ ಅಚ್ಚಿನವಲ್ಲ. ತುರುಬು, ಗಂಟು, ಹಣೆಯಂಚಿನ ಮುಂಗುರುಳು ಇವೆಲ್ಲವನ್ನು ಶಿಲ್ಪಿಯು ಆಭರಣಗಳಷ್ಟೇ ಆಸ್ಥೆಯಿಂದ ಕಡೆದಿರುವನು. ಗುಹೆಗಳ ಅಧಿಷ್ಠಾನದ ಉದ್ದಕ್ಕೂ ಕುಣಿಯುವ, ವಾದ್ಯ ನುಡಿಸುವ ಕುಬ್ಜ ಗಣಗಳ ಸಾಲುಂಟು. ಅವುಗಳಲ್ಲಿ ಹಲವರ ತಲೆತುಂಬ ದಟ್ಟವಾದ ಗುಂಗುರು.

ಗಣಗಳು ವಿನೋದದ ಪಾತ್ರಗಳು, ಅವರ ಕೂದಲಿನಿಂದ ಚೆಲುವಿನ ಮಾನವನ್ನು ಅಳೆಯಲಾಗದು ಎಂದು ಯಾರಾದರೂ ಆಕ್ಷೇಪಿಸಬಹುದು. ಹಾಗಾದರೆ ಜಿನಬಿಂಬಗಳನ್ನು ನೋಡೋಣ. ಬಾದಾಮಿಯ ನಾಲ್ಕನೆಯ ಗುಹೆಯು ಜೈನರದು. ಅಲ್ಲಿ ಬಳ್ಳಿ ಹಬ್ಬಿ ನಿಂತ ಬಾಹುಬಲಿಯ ಕೇಶವು ಎಳೆಎಳೆಯಾಗಿ ಹೆಗಲ ಮೇಲೆ ಇಳಿದಿದೆ. ಐಹೊಳೆಯ ಜೈನಗುಹೆಯ ಬಾಹುಬಲಿಯೂ ಹೀಗೆಯೇ. ಅದೇ ಬಾಹುಬಲಿಯನ್ನು ಸುಮಾರು 981ರಲ್ಲಿ ಚಾವುಂಡರಾಯನು ಶ್ರವಣಬೆಳ್ಗೊಳದ ಬೆಟ್ಟದ ಮೇಲೆ ನಿಲ್ಲಿಸಿದಾಗ, ಶಿಲ್ಪಿಯು ಆ ಮಹಾಮೂರ್ತಿಯ ಶಿರಸ್ಸನ್ನು ಚಿಕ್ಕ ಚಿಕ್ಕ ಸುರುಳಿಗಳ ಸಾಲಿನಿಂದ ತುಂಬಿದನು. ಬುದ್ಧನ ಮತ್ತು ತೀರ್ಥಂಕರರ ಪ್ರತಿಮೆಗಳಲ್ಲಿಯೂ ಇಂಥ ಸುರುಳಿಗಳೇ ಕಾಣುವವು. ಬಲಕ್ಕೆ ಸುತ್ತಿಕೊಂಡ ಕೂದಲು ಮಹಾಪುರುಷನ ಲಕ್ಷಣಗಳಲ್ಲೊಂದೆಂದು ಪೂರ್ವಿಕರು ಎಣಿಸಿದ್ದರು. ಕುಬ್ಜನ ತಲೆಗೂ ಜಿನನ ತಲೆಗೂ ಸುರುಳಿಯನ್ನೇ ಕೊಟ್ಟ ಆ ಶಿಲ್ಪಿಗಳಿಗೆ ಗುಂಗುರು ಕೀಳೆಂಬ ಭಾವನೆ ಇರಲಿಲ್ಲವೆಂಬದು ಸ್ಪಷ್ಟ.

3. ನುಡಿಯ ಸಾಕ್ಷಿ

ಕಲ್ಲು ಹೇಳಿದ್ದನ್ನೇ ನುಡಿಯೂ ಹೇಳುತ್ತದೆ. ಕುರುಳ್ ಎಂಬ ನಮ್ಮ ಹಳೆಯ ಶಬ್ದದಲ್ಲಿಯೇ ಸುರುಳಿಯ ಅರ್ಥ ಅಡಗಿದೆ. ತಮಿಳಿನಲ್ಲಿಯೂ ಇದರ ಜ್ಞಾತಿಶಬ್ದವು ಗುಂಗುರಿಗೇ ಸಲ್ಲುವದು. ಹಣೆಯ ಮೇಲೆ ಜೋಲುವ ಮುಂಗುರುಳನ್ನು ಕವಿಗಳು ತಾವರೆಗೆ ಮುತ್ತಿದ ದುಂಬಿಗಳ ಸಾಲಿಗೆ ಹೋಲಿಸಿ ತಣಿಯಲಿಲ್ಲ. ಸಂಸ್ಕೃತದಲ್ಲಿ ಕುಟಿಲಕುಂತಲೆಯೆಂಬದು ನಿಂದೆಯ ಮಾತಲ್ಲ, ಪ್ರಶಂಸೆಯ ಮಾತು. ಭರತನ ನಾಟ್ಯಶಾಸ್ತ್ರವು ದೇಶದೇಶದ ಸ್ತ್ರೀಯರ ಕೇಶರಚನೆಯನ್ನು ವಿಧಿಸುವಾಗ ಅವಂತಿಯ ಯುವತಿಯರಿಗೆ ಗುಂಗುರು ಮುಂಗೂದಲನ್ನು ಹೇಳಿದೆ. ಅಮರಕೋಶವು ಅಲಕ ಶಬ್ದಕ್ಕೆ ಚೂರ್ಣಕುಂತಲವೆಂಬ ಪರ್ಯಾಯವನ್ನು ಕೊಡುತ್ತದೆ. ಚೂರ್ಣವನ್ನು ಹಚ್ಚಿ ಸುರುಳಿ ಮಾಡಿದ ಕೂದಲು ಎಂಬದೇ ಆ ಸಮಾಸದ ಭಾವ. ಅಂದರೆ ಆ ಕಾಲದಲ್ಲಿಯೂ ಕೂದಲಿಗೆ ಕೃತಕ ಸಂಸ್ಕಾರವಿತ್ತು. ಆದರೆ ನೆಟ್ಟಗಿನ ಕೂದಲುಳ್ಳವಳು ಸುರುಳಿಯನ್ನು ಬಯಸುತ್ತಿದ್ದಳು. ಇಂದು ಚಕ್ರವು ತಿರುಗಿ ಸುರುಳಿಯುಳ್ಳವಳು ನೆಟ್ಟಗಿನದನ್ನು ಬಯಸುತ್ತಾಳೆ.

ಕೂದಲಿನ ಆರೈಕೆಗಾದರೂ ನಮ್ಮಲ್ಲಿ ಸ್ವಂತ ಪರಂಪರೆಯುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಸ್ನಾನಭೋಗಕ್ಕೆಂದೇ ಒಂದು ಪ್ರಕರಣವಿದ್ದು, ಪರಿಮಳದ ಎಣ್ಣೆಯ ಅಭ್ಯಂಗಕ್ಕೆ ಅಲ್ಲಿ ಸ್ಥಾನವಿದೆ.

ಮುಡಿಯು ಬರಿಯ ಅಲಂಕಾರವಲ್ಲ, ಮಾನವೂ ಅಹುದೆಂಬದನ್ನು ನಮ್ಮ ಜಿಲ್ಲೆಯವನೇ ಆದ ಮುಧೋಳದ ರನ್ನನು ಹತ್ತನೆಯ ಶತಮಾನದಲ್ಲಿ ಗದಾಯುದ್ಧದ ಮೂಲಕ ನೆನೆಯಿಸಿದನು. ದುಶ್ಶಾಸನನ ಕೈ ತಗಲಿದ ಮುಡಿಯನ್ನು ದ್ರೌಪದಿಯು ಬಿಚ್ಚಿಯೇ ಇಟ್ಟಳು. ಭೀಮನ ಪ್ರತಿಜ್ಞೆ ನೆರವೇರಿ ಆ ಮುಡಿಯನ್ನು ಕಟ್ಟುವ ವರೆಗೆ ಕಥೆಗೆ ಶಾಂತಿಯಿಲ್ಲ. ಹೆಣ್ಣಿನ ಕೂದಲಿಗೆ ಪರರು ಕೈ ಹಾಕುವದೆಂದರೆ ಆಕೆಯ ಮಾನಕ್ಕೆ ಕೈ ಹಾಕುವದೇ ಎಂಬ ಅರಿವು ಈ ನೆಲದ್ದು.

4. ಕುರುಳು ಕೊರತೆಯಾದ ಬಗೆ

ಹಾಗಾದರೆ ಗುಂಗುರಿಗೆ ಅಪಮಾನವು ಎಲ್ಲಿಂದ ಬಂದಿತು? ಇದರ ದೊಡ್ಡ ಕಥೆಯು ಕಡಲಾಚೆ ನಡೆದದ್ದು. ಆಫ್ರಿಕದ ಜನರನ್ನು ಗುಲಾಮರನ್ನಾಗಿ ಅಮೆರಿಕೆಗೆ ಸಾಗಿಸಿದ ಬಿಳಿಯರು ಅವರ ಮೈಬಣ್ಣವನ್ನು ಹಳಿದಂತೆ ಕೂದಲನ್ನೂ ಹಳಿದರು. 1786ರಲ್ಲಿ ಸ್ಪೇನದ ಆಳಿಕೆಯಲ್ಲಿದ್ದ ಲೂಯಿಸಿಯಾನಾ ಪ್ರಾಂತದ ಗವರ್ನರ್ ಎಸ್ತೆಬಾನ್ ಮಿರೋ ಎಂಬವನು ಕರಿಯ ವಂಶದ ಸ್ತ್ರೀಯರು ತಮ್ಮ ಕೇಶಾಲಂಕಾರವನ್ನು ಮೆರೆಯಿಸದೆ ವಸ್ತ್ರದಿಂದ ಮುಚ್ಚಿಕೊಳ್ಳಬೇಕೆಂದು ಕಟ್ಟಳೆ ಮಾಡಿದನು. ದಾಸ್ಯವು ಹೋದ ಮೇಲೆಯೂ ಆ ಮಾನದಂಡವು ಹೋಗಲಿಲ್ಲ. ಕೆಲಸ ದೊರೆಯಬೇಕಾದರೆ, ಮರ್ಯಾದೆ ದೊರೆಯಬೇಕಾದರೆ ಕೂದಲು ನೆಟ್ಟಗಾಗಬೇಕೆಂಬ ಒತ್ತಾಯವು ಉಳಿಯಿತು. ಕ್ಲೀವ್‌ಲೆಂಡ್ ನಗರದ ಗ್ಯಾರೆಟ್ ಮಾರ್ಗನ್ ಎಂಬ ಕರಿಯ ಶೋಧಕನು ಹೊಲಿಗೆಯಂತ್ರದ ಸೂಜಿಯ ತಾಪವನ್ನು ತಗ್ಗಿಸುವ ದ್ರಾವಣವನ್ನು ಹುಡುಕುತ್ತಿದ್ದಾಗ, ಅದು ಬಟ್ಟೆಯ ಜುಂಗನ್ನು ನೆಟ್ಟಗೆ ಮಾಡಿದ್ದನ್ನು ಕಂಡು ಕೂದಲಿನ ಲೇಪವನ್ನು ಮಾಡಿದನೆಂದು ಹೇಳುವರು. 1913ರ ಸುಮಾರಿಗೆ ಅವನು ಅದನ್ನು ಮಾರತೊಡಗಿದನು.

ಇದೇ ಕಾಲದ ಒಂದು ವೈಚಿತ್ರ್ಯವನ್ನು ವಾಚಕರು ಲಕ್ಷಿಸಬೇಕು. 20ನೆಯ ಶತಮಾನದ ಮೊದಲ ದಶಕದಲ್ಲಿ ಕಾರ್ಲ್ ನೆಸ್ಲರ್ ಎಂಬ ಜರ್ಮನನು ಲಂಡನ್ ನಗರದಲ್ಲಿ ಬಿಳಿಯ ಸ್ತ್ರೀಯರ ನೆಟ್ಟಗಿನ ಕೂದಲನ್ನು ಕ್ಷಾರ ಮತ್ತು ಕಾದ ಉರುಳೆಗಳಿಂದ ಗುಂಗುರು ಮಾಡುವ ವಿದ್ಯೆಯನ್ನು ಪ್ರಚಾರಕ್ಕೆ ತಂದನು. ಒಡೆಯರ ಮನೆಯಲ್ಲಿ ಸುರುಳಿಯು ಅಲಂಕಾರ, ಆಳುಗಳ ಮನೆಯಲ್ಲಿ ಅದೇ ಸುರುಳಿಯು ಕೊರತೆ! ಕೂದಲಿನ ಆಕಾರಕ್ಕೆ ತನ್ನಷ್ಟಕ್ಕೆ ಹಿರಿಮೆ ಕಿರಿಮೆಗಳಿಲ್ಲವೆಂಬದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ?

ಆ ಅಪಮಾನಕ್ಕೆ ಉತ್ತರವೂ ಅಲ್ಲಿಂದಲೇ ಬಂದಿತು. 1960ರ ದಶಕದಲ್ಲಿ ಅಮೆರಿಕೆಯ ಕರಿಯ ಜನರು ನಾಗರಿಕ ಹಕ್ಕುಗಳಿಗಾಗಿ ಹೋರಾಡುವಾಗ ತಮ್ಮ ಹುಟ್ಟುಗೂದಲನ್ನು ಹಾಗೆಯೇ ಬೆಳೆಯಬಿಟ್ಟು ಅದನ್ನು ಸ್ವಾಭಿಮಾನದ ಗುರುತನ್ನಾಗಿ ಮಾಡಿದರು. 2019ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು ಹುಟ್ಟುಗೂದಲಿನ ಕಾರಣದಿಂದ ಶಾಲೆಯಲ್ಲಾಗಲಿ ಉದ್ಯೋಗದಲ್ಲಾಗಲಿ ಯಾರನ್ನೂ ಕೀಳುಗಾಣಬಾರದೆಂದು ಶಾಸನ ಮಾಡಿತು. ಬೇರೆ ಕೆಲವು ಸಂಸ್ಥಾನಗಳೂ ಅದನ್ನು ಅನುಸರಿಸಿದವು.

5. ಹೊಳೆಯ ಮೂಲದ ಕಾಡಿನಲ್ಲಿ

ಆ ದೂರದ ಕಥೆಯು ನಮಗೆ ಸಂಬಂಧಿಸದ್ದೆಂದು ತಿಳಿಯಬಾರದು. ನಾವು ದಂಡೆ ಹಿಡಿದು ನಡೆದ ಮಲಪ್ರಭೆಯು ಹುಟ್ಟುವದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಆ ತಾಲೂಕಿನ ಕಾಡಿನಲ್ಲಿಯೂ, ಅದಕ್ಕೆ ತೆಂಕಲ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಗಳ ಕಾಡಿನಲ್ಲಿಯೂ ಸಿದ್ದಿ ಜನರ ಹಳ್ಳಿಗಳಿವೆ. ಇವರ ಪೂರ್ವಿಕರು ಆಫ್ರಿಕದವರು. ಅವರಲ್ಲಿ ಬಹುಜನರನ್ನು ಪೋರ್ತುಗೀಜರು ಗೋವೆಗೆ ಗುಲಾಮರನ್ನಾಗಿ ತಂದರು. ಆ ದಾಸ್ಯದಿಂದ ತಪ್ಪಿಸಿಕೊಂಡವರು ಘಟ್ಟದ ಕಾಡನ್ನು ಸೇರಿ ನೆಲೆನಿಂತರು. ಆಫ್ರಿಕದ ವಂಶದವರು ಈ ಕಡೆ ಯಾವಾಗಲೂ ಆಳುಗಳಾಗಿಯೇ ಇದ್ದರೆಂದೂ ಅಲ್ಲ. ವಿಜಾಪುರದಲ್ಲಿ 17ನೆಯ ಶತಮಾನದಲ್ಲಿ ಮಹಮ್ಮದ ಆದಿಲಶಹನ ಆಸ್ಥಾನದ ಪ್ರಬಲ ಮಂತ್ರಿಯಾಗಿದ್ದ ಇಖ್ಲಾಸ್ ಖಾನನು ಹಬಸಿಯೇ. ಆದರೆ ಕಾಡಿನ ಸಿದ್ದಿಗಳ ಬಾಳು ಬಹುಕಾಲ ಕೂಲಿಯ ಬಾಳಾಗಿಯೇ ಉಳಿಯಿತು.

ಹಿಂದೂ, ಕ್ರೈಸ್ತ, ಮುಸಲ್ಮಾನ ಮೂರು ಮತಗಳಲ್ಲಿಯೂ ಸಿದ್ದಿಗಳುಂಟು. ಅವರು ಕನ್ನಡ, ಕೊಂಕಣಿ, ಮರಾಠಿಗಳನ್ನು ಆಡುತ್ತಾರೆ. ಅವರ ಡಮಾಮಿ ಕುಣಿತವೂ, ಹೆಂಗಸರು ಹಳೆಯ ಅರಿವೆಗಳನ್ನು ಕೂಡಿಸಿ ಹೊಲಿಯುವ ಬಣ್ಣಬಣ್ಣದ ಕೌದಿಗಳೂ ಹೆಸರಾಗಿವೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನವು ದೊರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ಕರ್ನಾಟಕದ ವಿಧಾನಪರಿಷತ್ತಿಗೆ ನಾಮಕರಣಗೊಂಡರು. ಆ ಸ್ಥಾನವನ್ನು ಪಡೆದ ಸಿದ್ದಿಗಳಲ್ಲಿ ಇವರೇ ಮೊದಲಿಗರು.

ಇಷ್ಟಾದರೂ ಊರಿನ ಶಾಲೆಗೆ ಬಂದ ಸಿದ್ದಿ ಮಗುವು ಮೊದಲು ಕೇಳಬೇಕಾದದ್ದು ತನ್ನ ಕೂದಲಿನ ಕುರಿತಾದ ಪರಿಹಾಸವನ್ನು. ಕನ್ನಡವನ್ನೇ ಆಡುತ್ತ ಕನ್ನಡ ನೆಲದಲ್ಲಿಯೇ ಹುಟ್ಟಿದವರನ್ನು, ನೀವು ಯಾವ ದೇಶದವರೆಂದು ಕೇಳುವದು ಇನ್ನೂ ನಿಂತಿಲ್ಲ. ಸಿದ್ದಿಗಳ ಮಾತಂತಿರಲಿ, ನಮ್ಮ ಮನೆಗಳಲ್ಲಿಯೇ ಗುಂಗುರು ಕೂದಲಿನ ಮಗಳ ತಲೆಗೆ ಎಣ್ಣೆ ಸುರಿದು, ಬಿಗಿದು ಹೆಣೆದು, ಒಂದೆಳೆಯೂ ಏಳದಂತೆ ಮಾಡಿದ ಮೇಲೆಯೇ ಹೆಣ್ಣು ನೋಡಬಂದವರ ಮುಂದೆ ಕೂಡಿಸುವರು. ರಾಸಾಯನಿಕ ಲೇಪವು ನಮ್ಮಲ್ಲಿ ಇಷ್ಟು ಬೇಗ ಬೇರೂರಿದ್ದು ಈ ಹದಗೊಂಡ ಮಣ್ಣಿನಲ್ಲಿಯೇ.

6. ಲೇಪವು ಮಾಡುವ ಕಾರ್ಯ

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರೊಳಗಿನ ತಂತುಗಳನ್ನು ಗಂಧಕದ ಜೋಡಿಬಂಧಗಳು ಹಿಡಿದಿರುತ್ತವೆ. ಈ ಬಂಧಗಳನ್ನು ಮುರಿಯದೆ ಕೂದಲಿನ ಆಕಾರವನ್ನು ಸ್ಥಿರವಾಗಿ ಬದಲಿಸಲಾಗದು. ಸಾಬೂನು ಮಾಡಲು ಬಳಸುವ ಕಾಸ್ಟಿಕ್ ಸೋಡಾದಂಥ ತೀಕ್ಷ್ಣ ಕ್ಷಾರವನ್ನು ಹಚ್ಚಿ ಬಂಧಗಳನ್ನು ಶಾಶ್ವತವಾಗಿ ಕೆಡಿಸುವದು ಒಂದು ಕ್ರಮ. ಆಫ್ರಿಕ ಮೂಲದ ಸ್ತ್ರೀಯರಲ್ಲಿ ಬಳಕೆಗೆ ಬಂದದ್ದು ಹೆಚ್ಚಾಗಿ ಇದೇ. ಥಯೋಗ್ಲೈಕೊಲೇಟ್ ಎಂಬ ಲವಣದಿಂದ ಬಂಧಗಳನ್ನು ಬಿಡಿಸಿ, ಕಾದ ಇಸ್ತ್ರಿಯಿಂದ ನೆಟ್ಟಗೆ ಮಾಡಿ, ಬೇರೊಂದು ದ್ರಾವಣದಿಂದ ಆ ಆಕಾರದಲ್ಲಿಯೇ ಮತ್ತೆ ಬಂಧಿಸುವದು ಎರಡನೆಯ ಕ್ರಮ. ನಮ್ಮ ಊರುಗಳಲ್ಲಿ ರೀಬಾಂಡಿಂಗ್ ಎಂದು ಕರೆಯುವದು ಇದನ್ನೇ. ಕೆರಾಟಿನ್ ಟ್ರೀಟ್‌ಮೆಂಟ್ ಎಂಬ ಹೆಸರಿನ ಮೂರನೆಯ ಕ್ರಮದಲ್ಲಿ ಫಾರ್ಮಾಲ್ಡಿಹೈಡನ್ನು ಬಿಡುವ ದ್ರವ್ಯಗಳನ್ನು ಅಥವಾ ಗ್ಲೈಆಕ್ಸಿಲಿಕ್ ಆಮ್ಲವನ್ನು ಹಚ್ಚಿ ಕಾಯಿಸುವರು. ಇದರ ಫಲವು ಕೆಲವು ತಿಂಗಳು ಮಾತ್ರ ನಿಲ್ಲುವದು.

ಇವುಗಳಿಂದ ನೆತ್ತಿ ಸುಡುವದು, ಕೂದಲು ತುಂಡಾಗುವದು ಬಲ್ಲವರಿಗೆ ತಿಳಿದದ್ದೇ. ಅದಕ್ಕಿಂತ ಗಂಭೀರವಾದ ಮಾತುಗಳೂ ಉಂಟು. ಫಾರ್ಮಾಲ್ಡಿಹೈಡು ಮನುಷ್ಯರಲ್ಲಿ ಅರ್ಬುದರೋಗವನ್ನು ಹುಟ್ಟಿಸುವದೆಂದು ಆ ರೋಗದ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯು 2004ರಲ್ಲಿಯೇ ನಿರ್ಣಯಿಸಿತು. ಅಮೆರಿಕೆಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು 33,497 ಸ್ತ್ರೀಯರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆ ಅವಧಿಯಲ್ಲಿ 378 ಜನರಿಗೆ ಗರ್ಭಕೋಶದ ಅರ್ಬುದವು ಕಂಡುಬಂದಿತ್ತು. ಕೂದಲು ನೆಟ್ಟಗೆ ಮಾಡುವ ದ್ರವ್ಯಗಳನ್ನು ಬಳಸದವರಲ್ಲಿ 70 ವರ್ಷದೊಳಗೆ ಈ ರೋಗ ಬರುವ ಸಂಭವವು ನೂರಕ್ಕೆ 1.64; ವರ್ಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬಳಸಿದವರಲ್ಲಿ ನೂರಕ್ಕೆ 4.05. ಇದರಿಂದ ಕಾರಣವು ಸಿದ್ಧವಾಯಿತೆನ್ನಲಾಗದು, ಆದರೂ ಸಂಬಂಧವು ಕಡೆಗಣಿಸತಕ್ಕದ್ದಲ್ಲ. 2024ರಲ್ಲಿ ಫ್ರಾನ್ಸಿನ ವೈದ್ಯರು, ಗ್ಲೈಆಕ್ಸಿಲಿಕ್ ಆಮ್ಲವುಳ್ಳ ಲೇಪದಿಂದ ಕೂದಲು ನೆಟ್ಟಗೆ ಮಾಡಿಸಿಕೊಂಡ ಮೂರು ಸಲವೂ ಮೂತ್ರಪಿಂಡಗಳ ಕೆಲಸವು ಕುಗ್ಗಿದ 26 ವರ್ಷದ ತರುಣಿಯೊಬ್ಬಳ ವೃತ್ತಾಂತವನ್ನು ಪ್ರಕಟಿಸಿದರು.

7. ಮರಳುವ ದಾರಿ

ಲೇಪವನ್ನು ಬಿಟ್ಟ ಮಾತ್ರದಿಂದ ಹಳೆಯ ಕುರುಳು ಮರಳಿ ಬಾರದು. ನೆತ್ತಿಯಿಂದ ಹೊರಗೆ ಬಂದ ಕೂದಲು ನಿರ್ಜೀವ. ಶಾಶ್ವತವಾಗಿ ನೆಟ್ಟಗಾದ ಎಳೆಯು ಮತ್ತೆ ಸುತ್ತಿಕೊಳ್ಳದು. ಹೊಸದಾಗಿ ಬೇರಿನಿಂದ ಬರುವದು ಮಾತ್ರ ಸಹಜ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ವರ್ಷಕ್ಕೆ 12ರಿಂದ 15 ಸೆಂಟಿಮೀಟರು ಬೆಳೆಯುವದರಿಂದ, ಹೆಗಲ ವರೆಗಿನ ಮುಡಿಗೆ ಎರಡು ವರ್ಷಗಳಾದರೂ ಬೇಕು. ನಡುವಿನ ವರೆಗಿನ ಜಡೆಗೆ ನಾಲ್ಕೈದು ವರ್ಷ. ಮನಸ್ಸು ಗಟ್ಟಿಯುಳ್ಳವರು ಒಮ್ಮೆಗೇ ಕತ್ತರಿಸಿ ಗಿಡ್ಡ ಕೂದಲಿನಿಂದ ಮೊದಲುಮಾಡುವರು. ಉಳಿದವರು ತುದಿಯನ್ನು ಸ್ವಲ್ಪಸ್ವಲ್ಪವಾಗಿ ಕತ್ತರಿಸುತ್ತ ಕಾಯುವರು.

ಕಾಯುವವರ ತೊಡಕನ್ನು ಇಳಕಲ್ಲ ಸೀರೆಯ ದೃಷ್ಟಾಂತದಿಂದ ತಿಳಿಯಬಹುದು. ನಮ್ಮ ನೇಕಾರನು ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾನೆ. ಆ ಕೊಂಡಿಯಿಂದಲೇ ಎರಡು ಬಗೆಯ ನೂಲು ಒಂದೇ ಸೀರೆಯಾಗಿ ಬಾಳುವದು. ತಲೆಯ ಮೇಲೆ ಹೊಸ ಗುಂಗುರೂ ಹಳೆಯ ನೆಟ್ಟಗಿನದೂ ಒಂದೇ ಎಳೆಯಲ್ಲಿ ಕೂಡುವಲ್ಲಿ ಇಂಥ ಕೊಂಡಿಯಿಲ್ಲ. ಎಳೆಯು ಅಲ್ಲಿಯೇ ತುಂಡಾಗುವದು. ಆದುದರಿಂದ ಒಣಗೂದಲನ್ನು ಜಗ್ಗಿ ಬಾಚದೆ, ನೀರಿನಿಂದಲೋ ಎಣ್ಣೆಯಿಂದಲೋ ನೆನೆಸಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಕೊಬ್ಬರಿ ಎಣ್ಣೆಯು ಎಳೆಯೊಳಗೆ ಇಳಿದು ಪ್ರೋಟೀನಿನ ಸವಕಳಿಯನ್ನು ತಗ್ಗಿಸುವದೆಂದು 2003ರಲ್ಲಿ ಪ್ರಕಟವಾದ ಪರೀಕ್ಷೆಗಳಿಂದ ತಿಳಿದಿದೆ. ನಮ್ಮ ಅಜ್ಜಿಯರು ಹಚ್ಚುತ್ತಿದ್ದ ನೆನೆಸಿ ಅರೆದ ಮೆಂತ್ಯ, ದಾಸವಾಳದ ಎಲೆಯ ಲೋಳೆ, ಔಡಲೆಣ್ಣೆಗಳೂ ಕೂದಲನ್ನು ಮೆದುವಾಗಿಡುವಂಥವೇ.

ಸಹಜವೆಂದರೆ ಅಲಕ್ಷ್ಯವಲ್ಲವೆಂಬದನ್ನೂ ಇಲ್ಲಿ ಹೇಳಬೇಕು. ಇದೇ ಮಲಪ್ರಭೆಯ ದಂಡೆಗೆ ಸಮೀಪದ ಸವದತ್ತಿಯ ಗುಡ್ಡದ ಸುತ್ತಿನ ನಾಡಿನಲ್ಲಿ, ಸಿಕ್ಕುಗಟ್ಟಿ ಜಡೆಯಾದ ಕೂದಲು ಎಲ್ಲಮ್ಮನ ಕರೆಯೆಂಬ ನಂಬುಗೆಯಿಂದ ಎಷ್ಟೋ ಹೆಣ್ಣುಮಕ್ಕಳನ್ನು ದೇವಿಗೆ ಬಿಟ್ಟುಬಿಟ್ಟರು. 1982ರ ಕರ್ನಾಟಕ ದೇವದಾಸಿ ಸಮರ್ಪಣ ನಿಷೇಧ ಶಾಸನವು ಆ ಪದ್ಧತಿಯನ್ನು ಅಪರಾಧವೆಂದು ಸಾರಿತು. ಜಡೆಯು ದೇವಿಯ ಗುರುತಲ್ಲ, ತೊಳೆದು ಬಾಚದ ಕೂದಲಿನ ಗಂಟು ಎಂದು ತಿಳಿಯಹೇಳಿ ಅದನ್ನು ಕತ್ತರಿಸಿದ ಸುಧಾರಕರ ಉಪಕಾರವು ದೊಡ್ಡದು. ಅಲ್ಲಿ ಕೂದಲಿನ ಸಿಕ್ಕನ್ನು ನೋಡಿ ಹೆಣ್ಣಿನ ಬಾಳನ್ನು ಬೇರೆಯವರು ನಿರ್ಣಯಿಸಿದರು. ಇಲ್ಲಿ ಕೂದಲಿನ ಸುರುಳಿಯನ್ನು ನೋಡಿ ಅವಳ ಚೆಲುವನ್ನು ಬೇರೆಯವರು ನಿರ್ಣಯಿಸುತ್ತಿರುವರು. ಎರಡರಲ್ಲಿಯೂ ಅವಳ ಮಾತನ್ನು ಕೇಳಿದವರಿಲ್ಲ.

8. ಉಪಸಂಹಾರ

ಶೂನ್ಯಸಂಪಾದನೆಯ ಪ್ರಸಂಗವನ್ನು ವಾಚಕರು ಬಲ್ಲರು. ಉಡುಗೆಯನ್ನು ತೊರೆದು ಕೇಶದಿಂದ ಮೈಮುಚ್ಚಿ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುವು ತುಂಬಿದ ಶರಣರ ಸಭೆಯಲ್ಲಿ ಆ ಕೇಶದ ವಿಷಯವಾಗಿಯೇ ಪ್ರಶ್ನಿಸಿದನು. ಕೂಡಲಸಂಗಮದೇವನ ಶರಣನಾದ ಬಸವಣ್ಣನೂ ಆ ಕಲ್ಯಾಣದವನೇ. ಅಕ್ಕನ ಪರವಾಗಿ ಬೇರೊಬ್ಬರು ಉತ್ತರಿಸಲಿಲ್ಲ. ಅವಳೇ ಉತ್ತರಿಸಿದಳು, ಸಭೆಯು ಒಪ್ಪಿತು.

ಇಂದಿನ ಹೆಣ್ಣುಮಕ್ಕಳಿಗೂ ಅಷ್ಟು ಅವಕಾಶವಿದ್ದರೆ ಸಾಕು. ಅಪಾಯವನ್ನು ತಿಳಿದೂ ತನ್ನ ಇಚ್ಛೆಯಿಂದ ಕೂದಲನ್ನು ನೆಟ್ಟಗೆ ಮಾಡಿಸಿಕೊಳ್ಳುವವಳನ್ನು ನಾವು ಹಳಿಯುವದಿಲ್ಲ. ನಾಚಿಕೆಯಿಂದ ಮಾಡಿಸಿಕೊಳ್ಳುವವಳಿಗೆ ಮಾತ್ರ ನಾಚಲು ಕಾರಣವಿಲ್ಲವೆಂದು ಹೇಳಬೇಕಾಗಿದೆ. ಅದನ್ನು ಹೇಳಬೇಕಾದವರು ಮನೆಯ ಹಿರಿಯರು, ಶಾಲೆಯ ಗುರುಗಳು, ಹೆಣ್ಣು ನೋಡಹೋಗುವವರು. ಮಕ್ಕಳನ್ನು ಬಾದಾಮಿ ಐಹೊಳೆಗಳಿಗೆ ಪ್ರವಾಸ ಕರೆದೊಯ್ಯುವ ಗುರುಗಳು ಅರಸರ ವಂಶಾವಳಿಯನ್ನು ಹೇಳಿ ಮುಗಿಸಿದ ಮೇಲೆ, ಕಲ್ಲಿನ ತಲೆಗಳ ಮೇಲಿನ ಕುರುಳುಗಳನ್ನೂ ಒಮ್ಮೆ ತೋರಿಸಲಿ. ಆ ಗುಂಪಿನಲ್ಲಿ ಗುಂಗುರು ಕೂದಲಿನ ಹುಡುಗಿಯೊಬ್ಬಳಿದ್ದರೆ, ಹದಿನಾಲ್ಕು ಶತಮಾನಗಳ ಹಿಂದೆಯೇ ತನ್ನಂಥ ಕೂದಲನ್ನು ಕಡೆದವರು ತನ್ನ ನಾಡಿನವರೆಂದು ತಿಳಿದು ಮನೆಗೆ ಮರಳುವಳು.